ಕೊಡಗಿನಲ್ಲಿ ಈಗಷ್ಟೇ ಕಾಲೇಜು ಸೇರಿದ್ದೀರಾ? ಯಾವ ಕಾರ್ಯಕ್ರಮಕ್ಕೆ ಹೋಗಬೇಕು, ಯಾವುದನ್ನು ಬಿಡಬಹುದು

ಅಡ್ಮಿಷನ್ ಮುಗಿದು ಕ್ಲಾಸ್ ಗ್ರೂಪಿಗೆ ನಿಮ್ಮ ನಂಬರ್ ಸೇರಿದ ದಿನದಿಂದ ಮೆಸೇಜುಗಳ ಸುರಿಮಳೆ. ಓರಿಯಂಟೇಶನ್, ಎನ್‌ಸಿಸಿ (ಸೇನಾ ಮಾದರಿಯ ತರಬೇತಿ) ಆಯ್ಕೆ, ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ನೋಂದಣಿ, ಹಾಕಿ ಟ್ರಯಲ್ಸ್, ವಿಭಾಗದ ಸಂಘದ ಉದ್ಘಾಟನೆ, ಫ್ರೆಶರ್ಸ್ ಡೇ, ಯಾವುದೋ ಕೋಚಿಂಗ್ ಸೆಂಟರಿನ ಉಚಿತ ಸೆಮಿನಾರ್. ಎಲ್ಲದರ ಕೊನೆಗೂ ‘ತಪ್ಪದೇ ಬನ್ನಿ’ ಅಂತ ಇರುತ್ತದೆ. ಎಲ್ಲದಕ್ಕೂ ಹೋಗಲು ಆಗುವುದಿಲ್ಲ. ಯಾವುದಕ್ಕೂ ಹೋಗದೆ ಮನೆ ಸೇರಿಕೊಂಡರೂ ನಷ್ಟ.

ನಾನು ಹೇಳುವುದು ಇಷ್ಟೇ. ಈ ವರ್ಷ ತಪ್ಪಿದರೆ ಮತ್ತೆ ಸಿಗದ ಕಾರ್ಯಕ್ರಮಕ್ಕೆ ಮೊದಲ ಜಾಗ ಕೊಡಿ. ಉಳಿದದ್ದನ್ನು ಬಸ್ಸು, ಮಳೆ, ದುಡ್ಡು ನೋಡಿಕೊಂಡು ಆರಿಸಿ. ದೊಡ್ಡ ಊರಿನ ಕಾಲೇಜಿನವರಿಗೆ ಬಸ್ಸು, ಮಳೆಯ ಮಾತು ಅಷ್ಟು ಮುಖ್ಯ ಅನ್ನಿಸದೇ ಇರಬಹುದು. ನಮ್ಮ ಜಿಲ್ಲೆಯಲ್ಲಿ ಅರ್ಧ ತೀರ್ಮಾನ ಅದರಿಂದಲೇ ಆಗುತ್ತದೆ.

ಹಂತ 1: ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ

ವಾಟ್ಸಾಪ್ ಒಂದನ್ನೇ ನಂಬಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ತೋಟದ ನಡುವಿನ ಮನೆಯಾದರೆ ಎರಡು ದಿನದ ಮೆಸೇಜು ಒಟ್ಟಿಗೆ ಬಂದು ಬೀಳುವುದೂ ಉಂಟು. ಅಷ್ಟರಲ್ಲಿ ನೋಂದಣಿ ಮುಗಿದಿರುತ್ತದೆ. ಅದಕ್ಕೇ ದಿನಕ್ಕೊಮ್ಮೆ ನೋಟಿಸ್ ಬೋರ್ಡ್ ನೋಡಿ. ದೈಹಿಕ ಶಿಕ್ಷಣ ವಿಭಾಗದ ಬಾಗಿಲಿಗೆ, ಲೈಬ್ರರಿಯ ಹೊರಗೆ ಅಂಟಿಸಿದ ಚೀಟಿಗಳನ್ನೂ ನೋಡಿ. ಗ್ರೂಪಿಗೆ ಬರದ ಸುದ್ದಿ ಅಲ್ಲಿ ಇರುತ್ತದೆ.

ಪ್ರತಿ ಕಾರ್ಯಕ್ರಮದ ಮುಂದೆ ನಾಲ್ಕು ವಿಷಯ ಬರೆದುಕೊಳ್ಳಿ. ಯಾವತ್ತು? ಎಲ್ಲಿ? ಯಾರು ನಡೆಸುತ್ತಿದ್ದಾರೆ? ಎಷ್ಟು ಹೊತ್ತಿಗೆ ಮುಗಿಯುತ್ತದೆ? ಶುರುವಾಗುವ ಸಮಯವನ್ನು ಎಲ್ಲರೂ ಹೇಳುತ್ತಾರೆ. ಮುಗಿಯುವ ಸಮಯವನ್ನು ನೀವೇ ಕೇಳಿ ತಿಳಿಯಬೇಕು. ‘ಮಧ್ಯಾಹ್ನ ಎರಡಕ್ಕೆ’ ಅಂದ ಕಾರ್ಯಕ್ರಮ ಅತಿಥಿಗಳು ಬರುವುದು ತಡವಾಗಿ ಮೂರಕ್ಕೆ ಶುರುವಾದರೆ ಐದೂವರೆಗೂ ಮುಗಿಯುವುದಿಲ್ಲ.

ಯಾರು ನಡೆಸುತ್ತಿದ್ದಾರೆ ಎಂಬುದೂ ಸಣ್ಣ ಮಾತಲ್ಲ. ಪ್ರಾಂಶುಪಾಲರ ಸಹಿ ಇರುವ ಸೂಚನೆ ಒಂದು ರೀತಿ. ವಿಭಾಗದ ಸಂಘದ್ದು ಇನ್ನೊಂದು. ಸೀನಿಯರ್‌ಗಳು ಕಾಲೇಜಿನ ಹೊರಗೆ, ಯಾವುದೋ ಹೋಂಸ್ಟೇಯಲ್ಲಿ ಇಟ್ಟುಕೊಂಡ ‘ವೆಲ್ಕಮ್ ಪಾರ್ಟಿ’ ಬೇರೆಯೇ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಹಂತ 2: ತಪ್ಪಿಸಲೇಬಾರದ್ದನ್ನು ಬೇರೆ ಮಾಡಿ

ಓರಿಯಂಟೇಶನ್ ಎಂದರೆ ಭಾಷಣ ಕೇಳುವ ಕೆಲಸ ಅಂತ ಹಲವರು ಬಿಟ್ಟುಬಿಡುತ್ತಾರೆ. ಭಾಷಣ ಇರುತ್ತದೆ, ನಿಜ. ಆದರೆ ಪ್ರವೇಶ, ಪರೀಕ್ಷೆಯ ವಿವರವೆಲ್ಲ ಇರುವ ಯುಯುಸಿಎಂಎಸ್ ಪೋರ್ಟಲಿನಲ್ಲಿ ನಿಮ್ಮ ಹೆಸರು, ವಿಷಯ, ಭಾಷೆ ಸರಿಯಾಗಿ ಬಂದಿದೆಯೇ ಎಂದು ನೋಡಿಕೊಳ್ಳಲು ಹೇಳುವುದು ಅಲ್ಲೇ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕುವುದು ಹೇಗೆ, ಯಾವ ದಾಖಲೆ ಬೇಕು, ಹಾಜರಾತಿ ಎಷ್ಟಿರಬೇಕು ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಸಾಮಾನ್ಯವಾಗಿ ಶೇ. 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಯಾವ ಕೌಂಟರಿನಲ್ಲಿ ಯಾರನ್ನು ಕೇಳಬೇಕು ಎಂದು ಒಮ್ಮೆ ಗೊತ್ತಾದರೆ ಮೂರು ವರ್ಷ ಅಲೆಯುವುದು ತಪ್ಪುತ್ತದೆ. ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದವರು ನೀವಾದರೆ ಇದನ್ನಂತೂ ಬಿಡಲೇಬೇಡಿ. ಇದನ್ನೆಲ್ಲ ಮನೆಯಲ್ಲಿ ಕೂತು ಹೇಳಿಕೊಡುವ ಅಕ್ಕನೋ ಅಣ್ಣನೋ ನಿಮಗಿಲ್ಲ.

ಕೋರ್ಸಿನಿಂದ ಕೋರ್ಸಿಗೆ ವ್ಯತ್ಯಾಸ ಇದೆ. ಪೊನ್ನಂಪೇಟೆಯಲ್ಲಿ ಎಂಜಿನಿಯರಿಂಗ್ ಸೇರಿದವರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಹೇಳಿರುವ ಇಂಡಕ್ಷನ್ (ಪರಿಚಯ) ಕಾರ್ಯಕ್ರಮ ಇರುತ್ತದೆ. ಮೂಲ ಯೋಜನೆಯಲ್ಲಿ ಅದು ಮೂರು ವಾರದ್ದು. ಮಡಿಕೇರಿಯ ಮೆಡಿಕಲ್ ಕಾಲೇಜಿನವರಿಗೆ ಫೌಂಡೇಶನ್ ಕೋರ್ಸ್ ಪಠ್ಯಕ್ರಮದ್ದೇ ಭಾಗ. ಇವನ್ನು ‘ಹೋಗಲೋ ಬೇಡವೋ’ ಪಟ್ಟಿಗೆ ಸೇರಿಸುವುದೇ ಬೇಡ. ಬಿಎ, ಬಿಕಾಂ, ಬಿಎಸ್ಸಿಯವರಿಗೆ ಒಂದೆರಡು ದಿನದಲ್ಲಿ ಮುಗಿಯುವುದೇ ಜಾಸ್ತಿ. ಆ ಒಂದೆರಡು ದಿನಕ್ಕೆ ಹೋಗಿ.

ಇದೇ ಗುಂಪಿಗೆ ಇನ್ನೆರಡು ಸೇರಿಸಿ. ಒಂದು, ಲೈಬ್ರರಿ ಪರಿಚಯ. ಅರ್ಧ ಗಂಟೆಯ ಕೆಲಸ. ಎರಡು, ರ‍್ಯಾಗಿಂಗ್ ತಡೆ ಸಮಿತಿಯ ಸಭೆ. ಯಾರಿಗೆ ದೂರು ಕೊಡಬೇಕು, ಸಮಿತಿಯಲ್ಲಿ ಯಾವ ಮೇಡಂ, ಯಾವ ಸರ್ ಇದ್ದಾರೆ ಎಂದು ಮುಖ ನೋಡಿ ಗುರುತು ಇಟ್ಟುಕೊಳ್ಳುವುದಕ್ಕಾದರೂ ಹೋಗಿ.

ಹಂತ 3: ಬೇಗ ಬಾಗಿಲು ಮುಚ್ಚುವ ಮೂರು: ಎನ್‌ಸಿಸಿ, ಎನ್‌ಎಸ್‌ಎಸ್, ಆಟದ ಟ್ರಯಲ್ಸ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನನ್ನ ಪ್ರಕಾರ ಇಡೀ ತಿಂಗಳಿನ ಅತಿ ಮುಖ್ಯ ತೀರ್ಮಾನ ಇದೇ.

ಎನ್‌ಸಿಸಿಯ ಲೆಕ್ಕ ಹೀಗಿದೆ. ಕಾಲೇಜು ಮಟ್ಟದಲ್ಲಿ ಮೊದಲು ‘ಬಿ’ ಸರ್ಟಿಫಿಕೇಟ್, ಆಮೇಲೆ ಮೂರನೇ ವರ್ಷದ ತರಬೇತಿಯಲ್ಲಿ ‘ಸಿ’ ಸರ್ಟಿಫಿಕೇಟ್. ಕರ್ನಾಟಕದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಅಂದರೆ ಮೊದಲ ವರ್ಷವೇ ಸೇರಿದರೆ ‘ಸಿ’ವರೆಗೆ ಹೋಗಲು ಸಮಯ ಸರಿಯಾಗಿ ಸಾಕು. ‘ಮುಂದಿನ ವರ್ಷ ನೋಡೋಣ’ ಅಂದರೆ ‘ಸಿ’ ಕೈತಪ್ಪಿ ಹೋಗಬಹುದು. ‘ಸಿ’ ಸರ್ಟಿಫಿಕೇಟಿನಲ್ಲಿ ಕನಿಷ್ಠ ‘ಬಿ’ ಗ್ರೇಡ್, ಪದವಿಯಲ್ಲಿ ಶೇ. 50 ಅಂಕ ಇದ್ದವರು ಭೂಸೇನೆಯ ಎನ್‌ಸಿಸಿ ವಿಶೇಷ ಪ್ರವೇಶಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಯುಪಿಎಸ್‌ಸಿಯ ಲಿಖಿತ ಪರೀಕ್ಷೆ ಇಲ್ಲ. ಅರ್ಜಿಯಲ್ಲಿ ಆಯ್ಕೆಯಾದವರು ನೇರವಾಗಿ ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋಗುತ್ತಾರೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು. ಸೇನೆಗೆ ಸೇರುವ ಆಸೆ ಇಲ್ಲಿ ಎಷ್ಟೋ ಮನೆಗಳಲ್ಲಿದೆ. ಆ ಆಸೆ ಇದ್ದವರು ಆಯ್ಕೆಯ ದಿನ ಬೆಳಿಗ್ಗೆ ಮಳೆ ಬರುತ್ತಿದೆ ಅಂತ ಮಲಗಿಬಿಡಬಾರದು. ಓಟ ಇರುತ್ತದೆ, ಎತ್ತರ ತೂಕ ನೋಡುತ್ತಾರೆ, ಶೂ ಹಾಕಿಕೊಂಡು ಹೋಗಿ. ಸೀಟು ಸೀಮಿತ. ಹೆಣ್ಣುಮಕ್ಕಳಿಗೂ ಅವಕಾಶ ಇದೆ, ಹಿಂಜರಿಯಬೇಡಿ.

ಎನ್‌ಎಸ್‌ಎಸ್ ಸ್ವಲ್ಪ ಸಡಿಲ. 1969ರಲ್ಲಿ ಶುರುವಾದ ಈ ಯೋಜನೆಯಲ್ಲಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಜೊತೆಗೆ ಏಳು ದಿನದ ವಿಶೇಷ ಶಿಬಿರ. ಮೊದಲ ವರ್ಷ ಸೇರಿದರೆ ಮೂರನೇ ವರ್ಷ ಓದಿಗೆ ಬಿಡುವಾಗುತ್ತದೆ. ನಾಚಿಕೆ ಸ್ವಭಾವದವರಿಗೆ ನಾನು ಮೊದಲು ಹೇಳುವುದು ಎನ್‌ಎಸ್‌ಎಸ್ ಅನ್ನೇ. ವೇದಿಕೆ ಹತ್ತಬೇಕಿಲ್ಲ. ಯಾವುದೋ ಊರಿನ ಶಾಲೆಯ ಅಂಗಳ ಚೊಕ್ಕ ಮಾಡುತ್ತಾ, ಐವತ್ತು ಜನಕ್ಕೆ ಉಪ್ಪಿಟ್ಟು ಕಲಸುತ್ತಾ ಬೇರೆ ವಿಭಾಗದವರ ಪರಿಚಯ ತಾನಾಗಿಯೇ ಆಗುತ್ತದೆ. ಮೊದಲ ದಿನದ ಉದ್ಘಾಟನೆಗೆ ಹೋಗಲಾಗದಿದ್ದರೂ ಪರವಾಗಿಲ್ಲ. ನೋಂದಣಿ ಪಟ್ಟಿಯಲ್ಲಿ ಹೆಸರು ಇರಬೇಕು, ಅಷ್ಟೇ.

ಇನ್ನು ಹಾಕಿ. ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ 1997ರಲ್ಲಿ ಕರಡದಲ್ಲಿ ಶುರುವಾದದ್ದು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ತಂಡಗಳು ಹೆಸರು ಕೊಟ್ಟಿದ್ದವು. ಮನೆತನದ ತಂಡದಲ್ಲಿ ಸ್ಟಿಕ್ ಹಿಡಿದವರು ಇಲ್ಲಿ ಕ್ಲಾಸಿಗೆ ನಾಲ್ಕೈದು ಜನ ಸಿಗುತ್ತಾರೆ. ಅವರಲ್ಲಿ ಕೆಲವರು ‘ನಾನು ಆಡುವುದು ಎಲ್ಲರಿಗೂ ಗೊತ್ತು, ಪಿ.ಟಿ. ಸರ್ ಕರೆಯುತ್ತಾರೆ’ ಅಂತ ಕಾಯುತ್ತಾರೆ. ಕರೆಯುವುದಿಲ್ಲ. ಅಂತರ ಕಾಲೇಜು ಪಂದ್ಯಗಳಿಗೆ ಹೆಸರು, ದಾಖಲೆ ಮೊದಲೇ ಕಳಿಸಬೇಕು. ಟ್ರಯಲ್ಸಿಗೆ ಬಂದವರಲ್ಲೇ ತಂಡ ಕಟ್ಟುತ್ತಾರೆ. ಫುಟ್‌ಬಾಲ್, ಕಬಡ್ಡಿ, ಅಥ್ಲೆಟಿಕ್ಸ್, ಥ್ರೋಬಾಲ್‌ಗೂ ಇದೇ ಮಾತು. ಎಸ್‌ಎಸ್‌ಎಲ್‌ಸಿ, ಪಿಯು ಅಂಕಪಟ್ಟಿಯ ಜೆರಾಕ್ಸ್, ನಾಲ್ಕು ಫೋಟೋ ಬ್ಯಾಗಿನಲ್ಲೇ ಇರಲಿ.

ಮೂರಕ್ಕೂ ಒಟ್ಟಿಗೆ ಹೆಸರು ಕೊಡಬೇಡಿ. ಎನ್‌ಸಿಸಿ ಪರೇಡು, ಹಾಕಿ ಪ್ರಾಕ್ಟೀಸು ಎರಡೂ ಬೆಳಿಗ್ಗೆಯೇ ಬಿದ್ದರೆ ಒಂದು ಕೈಬಿಡಲೇಬೇಕು. ಒಂದನ್ನು ಹಿಡಿದು ಪೂರ್ತಿ ಮಾಡಿ.

ಹಂತ 4: ಕೊನೆಯ ಬಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಹಾಸ್ಟೆಲಿನಲ್ಲಿ ಇರುವವರು ಈ ಹಂತವನ್ನು ಬೇಗ ದಾಟಬಹುದು. ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಕೇಳಿಕೊಂಡರೆ ಸಾಕು. ದಿನಾ ಓಡಾಡುವವರಿಗೆ ಮಾತ್ರ ಇದು ಅತ್ಯಂತ ಮುಖ್ಯ.

ಮೊದಲು ನಿಮ್ಮ ಊರಿನ ಕೊನೆಯ ಬಸ್ಸು ಎಷ್ಟು ಗಂಟೆಗೆ, ಅದಕ್ಕಿಂತ ಮೊದಲಿನದು ಎಷ್ಟು ಗಂಟೆಗೆ ಎಂದು ಬರೆಯಿರಿ. ಲೆಕ್ಕ ಹಾಕುವಾಗ ಕೊನೆಯ ಬಸ್ಸನ್ನು ಹಿಡಿಯಬೇಡಿ, ಅದರ ಹಿಂದಿನದನ್ನು ಹಿಡಿಯಿರಿ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ, ರಸ್ತೆ ಬದಿಯ ಬರೆ (ಮಣ್ಣಿನ ದಿಬ್ಬ) ಕುಸಿದರೆ ಕೊನೆಯ ಟ್ರಿಪ್ಪೇ ಮೊದಲು ಕ್ಯಾನ್ಸಲ್ ಆಗುವುದು. ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಕಾವೇರಿ ಉಕ್ಕಿದಾಗ ರಸ್ತೆಯೇ ಮುಳುಗುವುದು ಹೊಸದಲ್ಲ. 2018ರ ಆಗಸ್ಟಿನ ಪ್ರವಾಹ, ಭೂಕುಸಿತ ನೋಡಿದವರು ನಾವು. ಮಡಿಕೇರಿ ಸುತ್ತಮುತ್ತ ಜೋರು ಮಳೆ ಇದ್ದ ದಿನ ಸಂಜೆ ಕಾರ್ಯಕ್ರಮ ಬಿಟ್ಟು ಬಂದರೆ ಯಾರೂ ತಪ್ಪು ತಿಳಿಯಬಾರದು.

ಇನ್ನೊಂದು ಲೆಕ್ಕ, ಬಸ್ಸಿಳಿದ ಮೇಲಿನದು. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ತಿತಿಮತಿ ಕಡೆಯ ಮಕ್ಕಳು ಬಸ್‌ಸ್ಟಾಪಿನಿಂದ ತೋಟದ ದಾರಿಯಲ್ಲಿ ನಡೆದು ಮನೆ ಸೇರಬೇಕು. ಕತ್ತಲಾಗುವ ಹೊತ್ತಿಗೆ ಅದೇ ದಾರಿಯಲ್ಲಿ ಆನೆ ಇರುತ್ತದೆ. ಹಾಗಾಗಿ ‘ಬಸ್ಸು ಸಿಗುತ್ತದೆಯೇ’ ಎಂಬ ಪ್ರಶ್ನೆ ಸಾಲದು. ‘ಬೆಳಕಿರುವಾಗಲೇ ಮನೆ ಬಾಗಿಲು ಸೇರುತ್ತೇನೆಯೇ’ ಎಂದು ಕೇಳಿಕೊಳ್ಳಿ. ಇಲ್ಲ ಎಂದಾದರೆ ಕರೆದುಕೊಂಡು ಹೋಗಲು ಜೀಪೋ ಬೈಕೋ ಬರುತ್ತದೆಯೇ ನೋಡಿ. ಅದೂ ಇಲ್ಲವಾದರೆ ಆ ಕಾರ್ಯಕ್ರಮ ಬಿಡಿ. ಯಾವ ಫ್ರೆಶರ್ಸ್ ಡೇಯೂ ಆ ದಾರಿಯಲ್ಲಿ ಒಬ್ಬರೇ ನಡೆಯುವಷ್ಟು ದೊಡ್ಡದಲ್ಲ.

ದರದ ಮಾತೂ ಇದೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹುಡುಗರಿಗೆ ಕೆಎಸ್‌ಆರ್‌ಟಿಸಿ ವಿದ್ಯಾರ್ಥಿ ಪಾಸ್ ಇದೆ. ಆದರೆ ನಮ್ಮಲ್ಲಿ ಎಷ್ಟೋ ಊರಿಗೆ ಹೋಗುವುದು ಖಾಸಗಿ ಬಸ್ಸು. ಅಲ್ಲಿ ಇವೆರಡೂ ನಡೆಯುವುದಿಲ್ಲ. ಭಾನುವಾರದ ಕಾರ್ಯಕ್ರಮಕ್ಕೆ ಬಂದರೆ ಹೋಗಿಬರುವ ಖರ್ಚು ಕೈಯಿಂದಲೇ.

ಜಿಲ್ಲಾಧಿಕಾರಿ ಮಳೆ ರಜೆ ಘೋಷಿಸಿದರೆ ಆ ದಿನದ ಕಾರ್ಯಕ್ರಮ ಮುಂದಕ್ಕೆ ಹೋಗುತ್ತದೆ. ಆದೇಶ ಹಿಂದಿನ ರಾತ್ರಿಯೋ ಬೆಳಿಗ್ಗೆ ಬೇಗವೋ ಬರುತ್ತದೆ. ಪದವಿ ಕಾಲೇಜಿಗೂ ರಜೆ ಇದೆಯೇ ಎಂದು ಸರಿಯಾಗಿ ಓದಿ. ಕೆಲವು ಸಲ ಅಂಗನವಾಡಿ, ಶಾಲೆ, ಪಿಯುವರೆಗೆ ಮಾತ್ರ ಇರುತ್ತದೆ.

ಹಂತ 5: ದುಡ್ಡಿನ ಮಾತು ಮೊದಲೇ ಆಡಿ

ಕಾರ್ಯಕ್ರಮಕ್ಕೆ ಕಲೆಕ್ಷನ್ ಇದೆಯೇ, ಡ್ರೆಸ್ ಕೋಡ್ ಇದೆಯೇ ಕೇಳಿ. ‘ಎಲ್ಲರೂ ಕಪ್ಪು ಸೀರೆ’ ಅಂದಾಗ ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬರುವ ಹುಡುಗಿ ಮನೆಯಲ್ಲಿ ಅದನ್ನು ಹೇಗೆ ಕೇಳಬೇಕು? ಸುಮ್ನೆ ರಜೆ ಹಾಕಿ ಮನೆಯಲ್ಲಿ ಕೂರುತ್ತಾಳೆ. ಹೀಗಾಗಬಾರದು. ಇರುವ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ. ಬಟ್ಟೆಯ ಕಾರಣಕ್ಕೆ ಒಳಗೆ ಬಿಡುವುದಿಲ್ಲ ಅಂತ ಯಾರಾದರೂ ಅಂದರೆ ನಿಮ್ಮ ಮೆಂಟರ್ ಮೇಡಂಗೆ ಹೇಳಿ. ಕ್ಲಾಸ್ ಲೀಡರ್ ಆದವರಿಗೆ ನನ್ನದೊಂದು ವಿನಂತಿ: ಸೀರೆಯ ಬಣ್ಣ ನಿಗದಿ ಮಾಡುವ ಮೊದಲು ಎಲ್ಲರ ಮುಖ ಒಮ್ಮೆ ನೋಡಿ.

ಕೋಚಿಂಗ್ ಸೆಂಟರುಗಳ ‘ಉಚಿತ’ ಸೆಮಿನಾರ್ ಈ ತಿಂಗಳು ಬೇಡ. ಅದು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಫೋನ್ ನಂಬರ್ ಬರೆದುಕೊಟ್ಟರೆ ಕರೆಗಳೂ ಬರುತ್ತಲೇ ಇರುತ್ತವೆ. ವಿದ್ಯಾರ್ಥಿ ಸಂಘಟನೆಗಳು ಸದಸ್ಯತ್ವಕ್ಕೆ ಕರೆದಾಗಲೂ ಆತುರ ಬೇಡ. ಅವರು ಏನು ಮಾಡುತ್ತಾರೆಂದು ಒಂದು ಸೆಮಿಸ್ಟರ್ ನೋಡಿ, ಆಮೇಲೆ ನಿಮ್ಮ ಮನಸ್ಸು.

ಹಂತ 6: ಫ್ರೆಶರ್ಸ್ ಡೇ: ಹೋಗಿ, ಆದರೆ ನೋಡಿಕೊಂಡು

ಕಾಲೇಜಿನ ಒಳಗೆ, ಹಗಲು ಹೊತ್ತು, ಅಧ್ಯಾಪಕರ ಎದುರು ನಡೆಯುವ ಫ್ರೆಶರ್ಸ್ ಡೇ ಚೆನ್ನಾಗಿರುತ್ತದೆ. ಹಾಡು, ವಾಲಗಕ್ಕೆ ಕುಣಿತ, ಆಟ. ಹೋಗಿ ಬನ್ನಿ. ಆದರೆ ಗೆಳೆತನ ಅಲ್ಲೇ ಶುರುವಾಗುತ್ತದೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಮುನ್ನೂರು ಜನರ ಗದ್ದಲದಲ್ಲಿ ಮಾತಾಡಲು ಆಗುವುದಿಲ್ಲ. ನಿಮ್ಮ ವಿಭಾಗದ ಸಂಘದ ಚಿಕ್ಕ ಸಭೆಯಲ್ಲಿ, ಇಪ್ಪತ್ತು ಮೂವತ್ತು ಜನ ಒಂದು ಕ್ಲಾಸ್‌ರೂಮಿನಲ್ಲಿ ಕೂತಾಗ, ಹೆಸರು ಊರು ಹೇಳಿಕೊಂಡಾಗ ಪರಿಚಯ ಗಟ್ಟಿಯಾಗುತ್ತದೆ. ಒಂದೇ ಬಸ್ಸಿನವರು ಯಾರು ಎಂದು ಗೊತ್ತಾಗುವುದೂ ಅಲ್ಲೇ. ಎರಡರಲ್ಲಿ ಒಂದಕ್ಕೆ ಮಾತ್ರ ಹೋಗಲು ಆಗುವುದಾದರೆ ನಾನು ಚಿಕ್ಕ ಸಭೆಯನ್ನೇ ಆರಿಸುತ್ತೇನೆ.

ಕಾಲೇಜಿನ ಹೊರಗೆ, ಅಧ್ಯಾಪಕರಿಗೆ ತಿಳಿಸದೆ ಕರೆಯುವ ಪಾರ್ಟಿಗೆ ಹೋಗಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಹಾಡಿಸುವುದು, ಕುಣಿಸುವುದು, ಬೈಗುಳ ಹೇಳಿಸುವುದು, ಕುಡಿಸುವುದು ‘ತಮಾಷೆ’ ಅಂದುಕೊಂಡೇ ಶುರುವಾಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮದ ಪ್ರಕಾರ ಅದು ರ‍್ಯಾಗಿಂಗ್. ಕ್ಯಾಂಪಸ್ಸಿನ ಹೊರಗೆ ನಡೆದರೂ ನಿಯಮ ಅನ್ವಯಿಸುತ್ತದೆ. ರಾಷ್ಟ್ರೀಯ ಸಹಾಯವಾಣಿ 1800-180-5522, ದಿನದ 24 ಗಂಟೆಯೂ ಇರುತ್ತದೆ, ಕರೆಗೆ ದುಡ್ಡಿಲ್ಲ. ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಬೇಡ ಅನ್ನುವುದು ಹೇಗೆ? ಸೀನಿಯರ್‌ಗಳ ಮುಂದೆ ಬಾಯಿ ಬರುವುದಿಲ್ಲ ಅನ್ನುವವರೇ ಹೆಚ್ಚು. ಉದ್ದದ ವಿವರಣೆ ಬೇಕಿಲ್ಲ. “ಅಕ್ಕ, ನಂಗೆ ನಾಲ್ಕೂವರೆ ಬಸ್ಸು ತಪ್ಪಿದ್ರೆ ಊರಿಗೆ ಬೇರೆ ಬಸ್ಸಿಲ್ಲ. ಮೂರೂವರೆವರೆಗೆ ಇರ್ತೀನಿ” ಅಂದರೆ ಸಾಕು. ಕೊಡಗಿನಲ್ಲಿ ಬಸ್ಸಿನ ಕಾರಣವನ್ನು ಎಲ್ಲರೂ ಒಪ್ಪುತ್ತಾರೆ. ಹೊರಗಿನ ಪಾರ್ಟಿಗೆ ಕರೆದರೆ “ಅಣ್ಣ, ಮನೇಲಿ ಬಿಡಲ್ಲ” ಅನ್ನಿ. ಮತ್ತೆ ಒತ್ತಾಯ ಮಾಡಿದರೆ ಅದೇ ಮಾತನ್ನು ಇನ್ನೊಮ್ಮೆ ಹೇಳಿ ಹೊರಡಿ.

ಹಂತ 7: ಮನೆಯ ಕ್ಯಾಲೆಂಡರನ್ನೂ ಪಕ್ಕದಲ್ಲಿಡಿ

ಜುಲೈ, ಆಗಸ್ಟಿನಲ್ಲಿ ಗದ್ದೆ ನಾಟಿ. ಸೆಪ್ಟೆಂಬರ್ ಮೊದಲ ವಾರ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್. ಅಕ್ಟೋಬರ್ ಮಧ್ಯೆ ಕಾವೇರಿ ಸಂಕ್ರಮಣ, ಅದರ ಆಚೀಚೆ ಮಡಿಕೇರಿ, ಗೋಣಿಕೊಪ್ಪದ ದಸರಾ. ನವೆಂಬರ್ ಕೊನೆಯಲ್ಲೋ ಡಿಸೆಂಬರಿನಲ್ಲೋ ಸುಗ್ಗಿ ಹಬ್ಬ ಪುತ್ತರಿ. ಆಮೇಲೆ ಕಾಫಿ ಕೊಯ್ಲು. ನಾಟಿಯ ದಿನ ಆಳು ಸಿಗದೆ ಮನೆಯವರು ಒದ್ದಾಡುತ್ತಿರುವಾಗ ನೀವು ಸೆಮಿನಾರ್ ಅಂತ ಹೋದರೆ ಅಪ್ಪನಿಗೆ ಬೇಸರವಾಗುವುದು ಸಹಜ. ಅದೇ ದಿನ ಎನ್‌ಸಿಸಿ ಆಯ್ಕೆ ಇದ್ದರೆ ಒಂದು ವಾರ ಮೊದಲೇ ಹೇಳಿ. “ಅಪ್ಪ, ಶನಿವಾರ ಎನ್‌ಸಿಸಿ ಸೆಲೆಕ್ಷನ್. ಈ ವರ್ಷ ಬಿಟ್ರೆ ಸಿ ಸರ್ಟಿಫಿಕೇಟ್ ಸಿಗಲ್ಲ. ಹನ್ನೊಂದಕ್ಕೆ ಮುಗಿಯುತ್ತೆ, ಮಧ್ಯಾಹ್ನ ಗದ್ದೆಗೆ ಬರ್ತೀನಿ.” ಮೊದಲೇ ಹೇಳಿದ ಮಾತಿಗೆ ಮನೆಯಲ್ಲಿ ಬೆಲೆ ಇರುತ್ತದೆ.

ಹೊರ ಜಿಲ್ಲೆಯಿಂದ ಬಂದು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲೋ ಮಡಿಕೇರಿಯಲ್ಲೋ ಹಾಸ್ಟೆಲಿನಲ್ಲಿರುವವರಿಗೆ ನಾನು ಉಲ್ಟಾ ಹೇಳುತ್ತೇನೆ. ನಿಮಗೆ ಬಸ್ಸಿನ ಚಿಂತೆ ಇಲ್ಲ, ಮನೆಯ ನೆನಪು ಜಾಸ್ತಿ. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದಲ್ಲಿ ಮದ್ದುಸೊಪ್ಪಿನ (ಔಷಧಿ ಎಲೆಯ) ಪಾಯಸ ಮಾಡುವ ಕಾರ್ಯಕ್ರಮ ನಿಮ್ಮ ಕಾಲೇಜಿನಲ್ಲಿದ್ದರೆ ತಪ್ಪಿಸಿಕೊಳ್ಳಬೇಡಿ. ಆಗಸ್ಟ್ 3ರ ಆಸುಪಾಸಿನಲ್ಲಿ ಇರುತ್ತದೆ. ಗೆಳೆಯರು ಪುತ್ತರಿಗೆ ಮನೆಗೆ ಕರೆದರೆ ಸಂಕೋಚ ಬೇಡ, ಹೋಗಿ.

ಒಂದು ವಾರದ ಲೆಕ್ಕ ಮಾಡಿ ನೋಡೋಣ

ಸಿದ್ದಾಪುರದ ಆಚೆಯ ಊರಿನಿಂದ ವಿರಾಜಪೇಟೆಗೆ ಬಿಕಾಂ ಓದಲು ಬರುವ ಹುಡುಗಿ ಅಂದುಕೊಳ್ಳಿ. ಬೆಳಕಿನಲ್ಲಿ ಮನೆ ಸೇರಲು ನಾಲ್ಕೂವರೆ ಬಸ್ಸು ಹಿಡಿಯಬೇಕು. ಸೋಮವಾರ ಹತ್ತರಿಂದ ಒಂದರವರೆಗೆ ಓರಿಯಂಟೇಶನ್. ಮಂಗಳವಾರ ಊಟದ ಬಿಡುವಿನಲ್ಲಿ ಎನ್‌ಎಸ್‌ಎಸ್ ನೋಂದಣಿ. ಬುಧವಾರ ಮೂರಕ್ಕೆ ಕೋಚಿಂಗ್ ಸೆಮಿನಾರ್. ಗುರುವಾರ ಮೂರೂವರೆಗೆ ಥ್ರೋಬಾಲ್ ಟ್ರಯಲ್ಸ್. ಶುಕ್ರವಾರ ಹನ್ನೊಂದರಿಂದ ಐದರವರೆಗೆ ಫ್ರೆಶರ್ಸ್ ಡೇ. ಶನಿವಾರ ಹತ್ತಕ್ಕೆ ವಾಣಿಜ್ಯ ಸಂಘದ ಸಭೆ.

ಸೋಮವಾರ, ಮಂಗಳವಾರ, ಶನಿವಾರ ಯೋಚನೆಯೇ ಬೇಡ, ಹೋಗಬೇಕು. ಬುಧವಾರದ್ದು ಬಿಡಬೇಕು. ಶುಕ್ರವಾರ ಹನ್ನೊಂದಕ್ಕೇ ಹೋಗಿ ಊಟ ಮುಗಿಸಿ ಮೂರೂವರೆಗೆ ಹೊರಡಬಹುದು. ಕಷ್ಟ ಇರುವುದು ಗುರುವಾರ. ಆಟದಲ್ಲಿ ನಿಜವಾದ ಆಸಕ್ತಿ ಇದ್ದರೆ ಬುಧವಾರವೇ ಪಿ.ಟಿ. ಸರ್ ಹತ್ತಿರ ಹೋಗಿ “ಸರ್, ನಾಲ್ಕೂವರೆ ಬಸ್ಸಿಗೆ ಹೋಗ್ಬೇಕು, ನನ್ನನ್ನು ಮೊದಲ ಬ್ಯಾಚಿನಲ್ಲಿ ನೋಡ್ತೀರಾ?” ಅಂತ ಕೇಳಬೇಕು. ಮೊದಲೇ ಕೇಳಿದರೆ ದಾರಿ ಇರುತ್ತದೆ. ದಿನಾ ಸಂಜೆ ಪ್ರಾಕ್ಟೀಸ್ ಇದೆ, ಬೆಳಿಗ್ಗೆ ಆಗುವುದೇ ಇಲ್ಲ ಅಂದರೆ ಆಯ್ಕೆಯಾದರೂ ನಡೆಸಿಕೊಂಡು ಹೋಗುವುದು ಕಷ್ಟ. ಆಗ ಎನ್‌ಎಸ್‌ಎಸ್ ಅನ್ನೇ ಗಟ್ಟಿಯಾಗಿ ಹಿಡಿಯುವುದು ಒಳ್ಳೆಯದು.

ಹಂತ 8: ತಪ್ಪಿಹೋದರೆ

ಜ್ವರ ಬಂತು, ರಸ್ತೆ ಬಂದ್ ಆಯಿತು, ಮೆಸೇಜೇ ಸಿಗಲಿಲ್ಲ. ಮಳೆಗಾಲದಲ್ಲಿ ಇದೆಲ್ಲ ಆಗುತ್ತದೆ. ಮರುದಿನವೇ ಸಂಬಂಧಪಟ್ಟವರನ್ನು ನೇರವಾಗಿ ಕಾಣಿ. ಎನ್‌ಎಸ್‌ಎಸ್‌ಗೆ ಕಾರ್ಯಕ್ರಮಾಧಿಕಾರಿ, ಎನ್‌ಸಿಸಿಗೆ ಎನ್‌ಸಿಸಿ ಅಧಿಕಾರಿಯಾಗಿರುವ ಅಧ್ಯಾಪಕರು, ಆಟಕ್ಕೆ ಪಿ.ಟಿ. ಸರ್, ಸ್ಕಾಲರ್‌ಶಿಪ್ಪಿಗೆ ಕಚೇರಿಯ ಕೇಸ್ ವರ್ಕರ್. ಗೆಳತಿಯ ಕೈಲಿ ಹೇಳಿ ಕಳಿಸಬೇಡಿ, ನೀವೇ ಹೋಗಿ. ಒಂದು ಬಿಳಿ ಹಾಳೆಯಲ್ಲಿ ಹೆಸರು, ತರಗತಿ, ರಿಜಿಸ್ಟರ್ ನಂಬರ್, ಬರಲಾಗದ ಕಾರಣ ಬರೆದುಕೊಂಡು ಹೋಗಿ. ಪಟ್ಟಿ ಕಳಿಸಿ ಆಗಿದ್ದರೆ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ. ಮೊದಲ ತಿಂಗಳಲ್ಲಿ ಬೇರೆ ಕೋರ್ಸಿಗೆ, ಬೇರೆ ಕಾಲೇಜಿಗೆ ಸೀಟು ಸಿಕ್ಕಿ ಹೋಗುವವರು ಇದ್ದೇ ಇರುತ್ತಾರೆ. ಅವರ ಜಾಗ ಖಾಲಿಯಾದಾಗ ಕರೆಯುವುದು ಕಾಯುತ್ತಿರುವವರನ್ನೇ.

ಕಾಲೇಜಿನ ಕಾರ್ಯಕ್ರಮಕ್ಕೆ ಹೋಗಿ ಕ್ಲಾಸ್ ತಪ್ಪಿದ್ದರೆ ಆ ಗಂಟೆಯ ಹಾಜರಾತಿಗೂ ಅದೇ ವಾರ ಪತ್ರ ಕೊಡಿ. ಕಾರ್ಯಕ್ರಮ ನಡೆಸಿದ ಅಧ್ಯಾಪಕರ ಸಹಿ ಹಾಕಿಸಿ, ಜೆರಾಕ್ಸ್ ಒಂದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಸೆಮಿಸ್ಟರ್ ಕೊನೆಯಲ್ಲಿ ಕೊಡೋಣ ಅಂದರೆ ಸಹಿ ಹಾಕುವವರಿಗೂ ನೆನಪಿರುವುದಿಲ್ಲ.